ಎದುರಂಗಡಿಯ ತಂಪು

ಕಾರಿನ ಎಸಿ ರಿಪೇರಿ ಮಾಡುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನನ್ನ ಕಷ್ಟವೇ ಬೇರೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ನನ್ನ ಅಂಗಡಿಯ ಎದುರಿಗೇ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಅದೇ ಧಂದೆ ತೆಗೆದು ಕೂತಿದ್ದಾನೆ. ಬೋರ್ಡು ನನ್ನದಕ್ಕಿಂತ ದೊಡ್ಡದು. ಕಾಯಂ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ದಾಟಿದರು. ನಾಲ್ಕು ಗಾಡಿ ಇರುವ ಚಾದರ ವ್ಯಾಪಾರಿ ಸಾವ್ಕಾರರು ಮಾತ್ರ ನನ್ನಲ್ಲೇ ಉಳಿದಿದ್ದರು. ಅವರೂ ಹೋದರೆ ನಾನು ಶಟರ್ ಎಳೆಯುವುದೇ. ಹೊಟ್ಟೆಕಿಚ್ಚು ಇತ್ತೇ ಎಂದು ಕೇಳಬೇಡಿ. ಬೇಕಾದಷ್ಟಿತ್ತು.

ಗಾಜಿನ ಖೋಲಿ

ಗಿರಾಕಿಗಳು ಕೂಡಲೆಂದು ಷಡ್ಡಕ ಗಾಜಿನ ಖೋಲಿ ಕಟ್ಟಿಸಿ ಎಸಿ ಹಾಕಿಸಿದ. ನನ್ನಲ್ಲಿ ಬೇವಿನ ಗಿಡದ ಕೆಳಗೆ ಕೂಡಲು ಒಂದು ಬೆಂಚು. ಒಂದು ಮಧ್ಯಾಹ್ನ ನನ್ನ ಹತ್ತಿರ ಗಾಡಿ ಬಿಟ್ಟ ಮಾಸ್ತರರು ಕಾಣಲಿಲ್ಲ. ನೋಡಿದರೆ ಎದುರಿನ ಖೋಲಿಯಲ್ಲಿ ಕಾಲು ಚಾಚಿ ಅವನ ಚಹಾ ಕುಡಿಯುತ್ತಿದ್ದಾರೆ! ಷಡ್ಡಕನ ಚಹಾ ದಂಡವಾಯಿತೆಂದು ಖುಷಿಪಟ್ಟು, ಬೇಗ ಕೆಲಸ ಮುಗಿಸಿ ಕರೆಯಲು ಹೋದೆ.

"ಸರ್, ಗಾಡಿ ತಯಾರ್ ಆಗೇತ್ರಿ."

ಅವರ ಮುಖ ಬಾಡಿತು. "ಇಷ್ಟ ಲಗೂನ? ಇನ್ನೊಮ್ಮಿ ಚೆಕ್ ಮಾಡ್ರಲಾ, ಏನಾರ ಉಳದಿರ್ತೈತಿ."

ದೇವರ ಟಗರು

ಮೈಂದರ್ಗಿ ಕಡೆಯ ಕುರಿ ಸಾಕುವ ಅಜ್ಜನೊಬ್ಬ ಹಳೆಯ ಕಾರು ತಂದ. ಎಸಿಯಿಂದ ಗಾಳಿಯೇ ಬರುತ್ತಿರಲಿಲ್ಲ. ಒಳಗಿನ ಫಿಲ್ಟರ್ ತೆಗೆದರೆ, ಒಂದು ಟೋಪಿ ಹೆಣೆಯುವಷ್ಟು ಉಣ್ಣೆ!

"ಅಜ್ಜಾರ, ಕಾರಿನ್ಯಾಗ ಕುರಿ ಹಾಕ್ಕೊಂಡ ಅಡ್ಡಾಡ್ತೀರೇನು?"

"ಕುರಿ ಅಲ್ಲಪಾ, ಬೀರೋಬಾ ದೇವರಿಗೆ ಬಿಟ್ಟ ಟಗರ. ಅದಕ್ಕ ಸೆಕಿ ತಡ್ಯಾಂಗಿಲ್ಲ."

"ಮತ್ತ ನೀವೆಲ್ಲಿ ಕುಂಡರ್ತೀರಿ?"

"ಮಗ ಗಾಡಿ ಹೊಡಿತಾನ, ನಾವು ಹಿಂದ ಮೋಟರ್‌ಸೈಕಲ್ ಮ್ಯಾಲ ಬರ್ತೀವಿ. ಗಾಡ್ಯಾಗ ಜಾಗಾ ಎಲ್ಲೈತಿ, ಅದು ಅಡ್ಡ ಮಲಗ್ತೈತಿ."

ಇಪ್ಪತ್ತು ವರ್ಷದಿಂದ ಊರಿನವರ ಎಸಿ ರಿಪೇರಿ ಮಾಡಿ, ಬಿಸಿಲಲ್ಲಿ ಸ್ಕೂಟರ್ ಹೊಡೆಯುವವನು ನಾನು. ಅಂದು ಆ ಟಗರಿನ ಮೇಲೂ ಹೊಟ್ಟೆಕಿಚ್ಚಾಯಿತು.

ಅಕ್ಕಲಕೋಟದಿಂದ ಬಂದ ಸಂದೇಶ

ನಮ್ಮ ಸಾವ್ಕಾರರ ಮಗ ಮರಾಠಿ ಶಾಲೆಯಲ್ಲಿ ಕಲಿತವನು. ಆಡುವುದು ಕನ್ನಡ, ಮೊಬೈಲಿನಲ್ಲಿ ಅದನ್ನು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಮನೆಮಂದಿಯೆಲ್ಲ ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋದ ದಿನ ಅವನ ಸಂದೇಶ ಬಂತು. ನಾನು ಓದಿದ್ದು ಹೀಗೆ: "ಎಸಿ ಒಳಗಿಂದ ಬರೇ ಹಾವ ಬರಾಕತ್ತೈತಿ. ಅವ್ವಾ ಕೆಳಗ ಇಳದ ನಿಂತಾಳ. ಲಗೂನ ಬರ್ರಿ."

ಹಾವೆಂದರೆ ನನಗೆ ಜೀವವೇ ಹೋಗುತ್ತದೆ. ಆಗ ಹೊಳೆಯಿತು, ಎದುರಿಗೆ ಷಡ್ಡಕ ಇದ್ದಾನಲ್ಲ! ಅವನನ್ನು ಅದು ಕಚ್ಚಲಿ ಎನ್ನುವಷ್ಟು ಕೆಟ್ಟವನಲ್ಲ ನಾನು. ಸಾವ್ಕಾರರ ಮುಂದೆ ಅವನು ಕಿರುಚುತ್ತ ಓಡಿದರೆ ಸಾಕಿತ್ತು.

"ಅಣ್ಣಾ, ನನಗ ಕೈ ಖಾಲಿ ಇಲ್ಲ," ಎಂದೆ. "ಸಾವ್ಕಾರ್ರ ಗಾಡಿ ಅಕ್ಕಲಕೋಟದಾಗ ನಿಂತೈತಿ. ಎಸಿ ಕೆಲಸ. ನೀವ ಹೋಗಿ ಬರ್ರಿ."

ಅವನು ಕಣ್ಣರಳಿಸಿ ನನ್ನ ಕೈ ಹಿಡಿದುಕೊಂಡ. ಗ್ಯಾಸ್ ಸಿಲಿಂಡರ್ ಹೇರಿಕೊಂಡು ಹೊರಟೇಬಿಟ್ಟ. ನಾನು ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಮಲಗಿ ಸಂಜೆ ಏಳುವಷ್ಟರಲ್ಲಿ ಸಾವ್ಕಾರರ ಫೋನ್. "ನಿಮ್ಮ ಷಡ್ಡಕರು ಭಾರಿ ಮನಷ್ಯಾರಿ! ಮುಂಜಾನಿಂದ ಬರೇ ಬಿಸಿ ಹವಾ ಬರಾಕತ್ತಿತ್ತು. ಪೈಪಿನ ಲೀಕ್ ಹುಡುಕಿ, ಗ್ಯಾಸ್ ತುಂಬಿ, ಥಂಡ ಮಾಡಿ ಕೊಟ್ರು. ಇನ್ನ ನಾಲ್ಕೂ ಗಾಡಿ ಅವರ ಹತ್ರಾನ ಬಿಡ್ತೀನಿ."

"ಹವಾ ಏನ್ರಿ?"

"ಮತ್ತ ನೀವು ಏನಂತ ತಿಳದಿದ್ರಿ?"

ಇಂಗ್ಲಿಷ್ ಅಕ್ಷರದಲ್ಲಿ ಹವಾ, ಹಾವ ಎರಡೂ ಒಂದೇ ಎಂದು ಆಗ ತಲೆಗೆ ಹೋಯಿತು. "ಏನಿಲ್ರಿ, ಹಂಗ ಕೇಳಿದೆ," ಎಂದೆ. ಫೋನ್ ಕೆಳಗಿಟ್ಟರೆ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಾಳೆ.

"ಅಕ್ಕ ಫೋನ್ ಮಾಡಿದ್ಲು. ಇದ್ದೊಬ್ಬ ಗಿರಾಕಿನೂ ಭಾವಗ ಬಿಟ್ಟ ಕೊಟ್ರಂತಲ್ಲ! ನಿಮಗ ಹೊಟ್ಟಿಕಿಚ್ಚು ಅಂತ ಇಷ್ಟ ದಿನಾ ಬೈದೆ, ತಪ್ಪಾತು ನಂದು. ಇಂಥಾ ದೊಡ್ಡ ಮನಸಿನವ್ರು ತಮ್ಮ ಅಂಗಡ್ಯಾಗ ಕೆಲಸಕ್ಕ ಇರಬೇಕು ಅಂತ ಭಾವ ಕೇಳ್ಯಾರ. ನೀವು ಇಲ್ಲ ಅನ್ನಂಗಿಲ್ಲ ಅಂತ ನಾನ ಹೂಂ ಅಂದೀನಿ."