ಲೈನ್ ಟೈಟ್ ಮಾಡಿ

ಕಟಕ್ ಎಂದಿತು, ರೇಡಿಯೋ ಸತ್ತಿತು.

ಸಣ್ಣಸ್ವಾಮಿ ಕಾಫಿ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದು ಕಾದ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗಿನ ವಾಲ್ವುಗಳು ಮೆಲ್ಲಗೆ ಕೆಂಪಾದವು. ಗೊರ್ ಎಂದು ಗಂಟಲು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ರೇಡಿಯೋ ಮತ್ತೆ ಮಾತಿಗೆ ತೊಡಗಿತು. ಬೆಳಿಗ್ಗೆಯಿಂದ ಇದು ಏಳನೆಯ ಸಾರಿ.

ಅಂಗಡಿಯಲ್ಲಿ ಕೊಂಡ ರೇಡಿಯೋ ಆಗಿದ್ದರೆ ಅಂಗಡಿಯವನನ್ನು ಬಯ್ಯಬಹುದಿತ್ತು. ಇದನ್ನು ಸಣ್ಣಸ್ವಾಮಿ ತನ್ನ ಕೈಯಾರೆ ಕಟ್ಟಿದ್ದ. ಕೊಡ್ಲಿಪೇಟೆ ಕಡೆಯ ಉತ್ತಯ್ಯನವರ ಕಾಫಿ ಎಸ್ಟೇಟಿನಲ್ಲಿ ಅವನು ರೈಟರ್. ಹನ್ನೆರಡು ವರ್ಷದಿಂದ ಆಳುಗಳ ಹಾಜರಿ ಬರೆಯುವುದು, ಅವರು ವಾಸವಿರುವ ಲೈನ್ ಮನೆಗಳ ಜಗಳ ಬಿಡಿಸುವುದು, ಇಷ್ಟೇ ಕೆಲಸ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ನಾಲ್ಕನೆಯ ವರ್ಷ ಅವನಿಗೆ ರೇಡಿಯೋ ಹುಚ್ಚು ಹಿಡಿಯಿತು. ಒಂದು ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು, ಅಂಚೆಯಲ್ಲಿ ತರಿಸಿದ ಬಿಡಿಭಾಗಗಳನ್ನು ನಾಲ್ಕು ತಿಂಗಳು ಬೆಸುಗೆ ಹಾಕಿ, ಹದಿನೈದು ದಿನದ ಹಿಂದೆ ಹಾಡಿಸಿಯೂ ಬಿಟ್ಟಿದ್ದ. ವಾರದ ದಿನಗಳಲ್ಲಿ ರೇಡಿಯೋ ಬಂಗಾರದಂಥದ್ದು. ಭಾನುವಾರ ಬಂತೆಂದರೆ ರಚ್ಚೆ ಹಿಡಿಯುತ್ತಿತ್ತು.

ಆ ಭಾನುವಾರವೇ ಸಾಹುಕಾರ ಉತ್ತಯ್ಯನವರು ಅವನ ಮನೆಗೆ ಬರುವವರಿದ್ದರು. ಮೈಸೂರಿನಲ್ಲಿ ಓದುತ್ತಿದ್ದ ಅವರ ಮಗಳು ಪೊನ್ನಮ್ಮ ಸಂಜೆ ಐದೂವರೆಗೆ ರೇಡಿಯೋದಲ್ಲಿ ಹಾಡುವುದಿತ್ತು. ಬಂಗಲೆಯ ರೇಡಿಯೋ ಕೆಟ್ಟು ರಿಪೇರಿಗೆ ಹೋಗಿತ್ತು. ಹೆಡ್ ರೈಟರ್ ಜಾಗ ಬೇರೆ ಖಾಲಿ ಇತ್ತು.

"ನೋಡಯ್ಯ, ಹಾಡು ಪೂರ್ತಿ ಕೇಳ್ಬೇಕು. ಒಂದು ಪೆಟ್ಟಿಗೆ ನೆಟ್ಟಗೆ ನಡೆಸಕ್ಕೆ ಬರ್ದೋನು ನೂರೈವತ್ತು ಆಳು ಹೆಂಗೆ ನಡೆಸ್ತಾನೆ?" ಎಂದು ಉತ್ತಯ್ಯ ಶನಿವಾರವೇ ಹೇಳಿ ಹೋಗಿದ್ದರು. ಅಲ್ಲಿಗೆ ಹೆಡ್ ರೈಟರ್ ಕುರ್ಚಿ ಈ ಪೆಟ್ಟಿಗೆಯ ಮೇಲೆಯೇ ಕೂತಂತಾಯಿತು.

ಸಣ್ಣಸ್ವಾಮಿ ಬೆಳಿಗ್ಗೆಯೇ ಕುಶಾಲನಗರದ ರೇಡಿಯೋ ಮೆಕ್ಯಾನಿಕ್ ಪುಟ್ಟರಾಜುವಿಗೆ ರೋಗದ ವಿವರವೆಲ್ಲ ಬರೆದು, ಅತ್ತ ಹೊರಟಿದ್ದ ಜೀಪ್ ಡ್ರೈವರ್ ಬೋಜಪ್ಪನ ಕೈಯಲ್ಲಿ ಕಳಿಸಿದ್ದ. ಉತ್ತರ ಬರುವ ತನಕ ಸುಮ್ಮನಿರೋಣವೆಂದರೆ ಊರು ಬಿಡಬೇಕಲ್ಲ.

"ದೃಷ್ಟಿ ಕಣ್ರೀ," ಎಂದಳು ಹೆಂಡತಿ ಸರೋಜ. "ಮೊನ್ನೆಯಿಂದ ಬಂದೋರೆಲ್ಲ ಇದನ್ನೇ ನೋಡ್ಕಂಡು ನಿಂತಿದ್ರು." ಅವಳು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಗಂಡ ಹೆಂಡತಿ ಇಬ್ಬರೂ ಕಣ್ಣು ಮೂಗು ಒರೆಸಿಕೊಂಡು ಕೆಮ್ಮುತ್ತಿರುವಾಗ ರೇಡಿಯೋ ಎಂಟನೆಯ ಸಾರಿ ಕಟಕ್ ಎಂದಿತು.

ಕೆಮ್ಮು ಕೇಳಿ ಪಕ್ಕದ ಮನೆಯ ಕಾಂಪೌಂಡರ್ ಬೊಳ್ಳಪ್ಪ ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡೇ ಓಡಿಬಂದ. ರೋಗಿ ಯಾರೆಂದು ತಿಳಿದ ಮೇಲೂ ವಾಪಸು ಹೋಗಲಿಲ್ಲ. ರೇಡಿಯೋದ ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಕಣ್ಣು ಮುಚ್ಚಿ ಆಲಿಸಿದ.

"ಉಸಿರಾಟ ಚೆನ್ನಾಗಿದೆ, ಸಣ್ಣಸ್ವಾಮಿ. ಆದ್ರೆ ಮೈ ಸುಡ್ತಿದೆ. ಮೊದ್ಲು ಜ್ವರ ಇಳಿಸು."

"ವಾಲ್ವು ಕಾಯ್ಲೇಬೇಕು ಬೊಳ್ಳಪ್ಪ. ಕಾದ್ರೇನೇ ಹಾಡೋದು."

"ನೂರ ನಾಲ್ಕು ಡಿಗ್ರಿ ಇದ್ರೆ ಮನುಷ್ಯನೂ ಹಾಡ್ತಾನೆ. ಹಾಡಿ ಹಾಡಿ ಎಚ್ಚರ ತಪ್ತಾನೆ. ಇದಕ್ಕೂ ಅದೇ ಆಗ್ತಿರೋದು."

ಸಣ್ಣಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಬೊಳ್ಳಪ್ಪ ತಣ್ಣೀರಿನ ಬಟ್ಟೆ ಹಿಂಡಿ ಪೆಟ್ಟಿಗೆಯ ನೆತ್ತಿಗೆ ಹಾಕಿದ. ಎರಡು ಹನಿ ಒಳಗಿಳಿದು ಚುಯ್ ಎಂದವು. ಸಣ್ಣಸ್ವಾಮಿ ಬಟ್ಟೆ ಕಿತ್ತೆಸೆದು, ಸರೋಜಳ ಮದುವೆಯ ಸೀರೆಯಿಂದಲೇ ಒಳಗೆಲ್ಲ ಒರೆಸಿದ. ಅದು ಯಾವ ಸೀರೆಯೆಂದು ಅವಳು ಹೇಳಿದ ಮೇಲೆಯೇ ಅವನಿಗೆ ಗೊತ್ತಾದದ್ದು. ಮಧ್ಯಾಹ್ನದ ಊಟವನ್ನು ಅವನೇ ಬಡಿಸಿಕೊಂಡ.

ಮೂರು ಗಂಟೆಗೆ ಬೋಜಪ್ಪ ಚೀಟಿ ತಂದ. ಪುಟ್ಟರಾಜು ಎರಡೇ ಸಾಲು ಬರೆದಿದ್ದ: "ಸೆಟ್ಟಿನಲ್ಲಿ ದೋಷವಿಲ್ಲ. ಲೈನ್ ಲೂಸ್ ಆಗಿದೆ. ಪೂರ್ತಿ ಲೈನ್ ನೋಡಿ ಟೈಟ್ ಮಾಡಿ."

ಸಣ್ಣಸ್ವಾಮಿಯ ಪುಸ್ತಕದಲ್ಲಿ ಕರೆಂಟು ಬರುವ ದಾರಿಗೆ 'ಮೇನ್ಸ್' ಎಂದಿತ್ತು. ಎಸ್ಟೇಟಿನವರು ತಂತಿ ಎನ್ನುತ್ತಿದ್ದರು. ಲೈನ್ ಎಂದರೆ ಆಳುಗಳ ಮನೆಸಾಲು. ಆ ಮಾತಿಗೆ ಇನ್ನೊಂದು ಅರ್ಥವಿರಬಹುದೆಂದು ಹನ್ನೆರಡು ವರ್ಷದಲ್ಲಿ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಎಲಾ ಇವನ! ಕುಶಾಲನಗರದಲ್ಲಿ ಕೂತು ನಮ್ಮ ಲೈನ್ ಲೂಸ್ ಆಗಿದೆ ಅಂತ ಹೆಂಗೆ ಕಂಡುಹಿಡ್ದ?" ಎಂದ.

"ಕಲಿತೋರು ರೈಟ್ರೇ," ಎಂದ ಬೋಜಪ್ಪ. "ಜೀಪಿನ ಪೆಟ್ರೋಲು ಕದೀತಾರಲ್ಲ, ಹಂಗೆ ಲೈನ್‌ನೋರು ಯಾರೋ ನಿಮ್ಮ ಕರೆಂಟ್ ಕದೀತಿದಾರೆ. ಅವ್ರು ಎಳ್ಕಂಡಾಗ ನಿಮ್ದು ನಿಲ್ತದೆ, ಬಿಟ್ಟಾಗ ಹಾಡ್ತದೆ."

"ಭಾನುವಾರ ಅವ್ರಿಗೆ ರಜ!" ಎಂದು ಬೊಳ್ಳಪ್ಪ ತೊಡೆ ತಟ್ಟಿದ. "ಮನೇಲಿರ್ತಾರೆ, ಕದೀತಾರೆ. ಸರಿಹೋಯ್ತಲ್ಲ ಲೆಕ್ಕ!"

ಸಣ್ಣಸ್ವಾಮಿ ಟೋಪಿ ಹಾಕಿ, ಬೆತ್ತ ಹಿಡಿದು ಹೊರಟ. ಹಿಂದೆ ಬೋಜಪ್ಪ, ಅವನ ಹಿಂದೆ ಸ್ಟೆತಸ್ಕೋಪಿನ ಬೊಳ್ಳಪ್ಪ.

ಭಾನುವಾರ ರೈಟರ್ ಲೈನಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಮೊದಲ ಮನೆಯ ಚಿನ್ನಿ ಒದ್ದೆ ಕಂಬಳಿ ಹಿಂಡುತ್ತಿದ್ದವಳು ಗಾಬರಿಯಿಂದ ಎದ್ದು ನಿಂತಳು. ಅಂಗಳದ ಉದ್ದಕ್ಕೂ ವಾರದ ಬಟ್ಟೆ ಒಣಗುತ್ತಿತ್ತು. ಅದರ ಅಡಿಯಲ್ಲಿ ಬಗ್ಗಿಕೊಂಡೇ ಸಣ್ಣಸ್ವಾಮಿ ಒಳಗೆ ಹೋದ.

"ಎಲ್ಲಿಟ್ಟಿದೀಯ ಹೇಳು!"

"ಏನು ರೈಟ್ರೇ?"

"ಕರೆಂಟು!"

ಚಿನ್ನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಕೈ ಮುಗಿದು, ಅಟ್ಟದಿಂದ ಒಂದು ಸೇರು ಕಾಫಿ ಬೀಜ ತಂದು ಮುಂದಿಟ್ಟಳು. ಎರಡನೆಯ ಮನೆಯವರು ಬಂಗಲೆಯ ಬಾಳೆಗೊನೆ ಒಪ್ಪಿಸಿದರು. ಮೂರನೆಯ ಮನೆಯಲ್ಲಿ ಕಳ್ಳಭಟ್ಟಿಯ ಮಡಕೆ ಸಿಕ್ಕಿತು. ಕರೆಂಟು ಹೌದೋ ಅಲ್ಲವೋ ಎಂದು ಬೋಜಪ್ಪ ರುಚಿ ನೋಡಿದ, ಅನುಮಾನ ತೀರದೆ ಇನ್ನೊಮ್ಮೆ ನೋಡಿದ. ಬೊಳ್ಳಪ್ಪ ಗೋಡೆಗೋಡೆಗೂ ಸ್ಟೆತಸ್ಕೋಪು ಇಟ್ಟು ಕೇಳಿದ. ಒಂದು ಗೋಡೆಯ ಆಚೆ ಯಾರೋ ರೈಟರನ್ನು ಬಯ್ಯುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ಇಪ್ಪತ್ತು ಮನೆ ಜಾಲಾಡಿದರೂ ಕರೆಂಟಿನ ಸುಳಿವಿಲ್ಲ.

ಸಣ್ಣಸ್ವಾಮಿಗೆ ಅಳುವೇ ಬಂತು. ಹೆಡ್ ರೈಟರ್ ಕುರ್ಚಿ ಕಣ್ಣೆದುರೇ ಜಾರುತ್ತಿತ್ತು. ಅಂಗಳದ ಮಧ್ಯೆ ನಿಂತು, ಬೆತ್ತ ನೆಲಕ್ಕೆ ಕುಟ್ಟಿ ಕೂಗಿದ: "ಇನ್ನು ಅರ್ಧ ಗಂಟೇಲಿ ಎಲ್ಲ ಟೈಟ್ ಆಗ್ಬೇಕು! ಅಂಗಳದಲ್ಲಿ ಒಂದು ಕಡ್ಡಿ ಕೂಡ ಕಾಣಬಾರ್ದು!"

ಏನನ್ನು ಟೈಟ್ ಮಾಡಬೇಕೆಂದು ಲೈನಿನವರಿಗೂ ತಿಳಿಯಲಿಲ್ಲ, ಹೇಳಿದವನಿಗೂ ತಿಳಿದಿರಲಿಲ್ಲ. ಅವನ ಬೆನ್ನ ಹಿಂದೆ ಪೊರಕೆಗಳ ಸದ್ದು ಶುರುವಾಯಿತು.

ಐದು ಗಂಟೆಗೆ ಉತ್ತಯ್ಯನವರು ಬಂದು ಕುರ್ಚಿಯಲ್ಲಿ ಕೂತರು. ಬೋಜಪ್ಪ, ಬೊಳ್ಳಪ್ಪ ಗೋಡೆಗೆ ಒರಗಿ ನಿಂತರು. ಸರೋಜ ಕಾಫಿ ಕೊಟ್ಟಳು. ಸಣ್ಣಸ್ವಾಮಿ ಮನೆದೇವರನ್ನು ನೆನೆದು ಗುಂಡಿ ತಿರುಗಿಸಿದ. ಐದೂವರೆಗೆ ಪೊನ್ನಮ್ಮನ ಹೆಸರು ಕೇಳಿಬಂತು. ತಂಬೂರಿ ಮಿಡಿಯಿತು, ಹಾಡು ಎದ್ದಿತು. ಒಂದು ಚರಣ ಮುಗಿಯಿತು, ಎರಡನೆಯದೂ ಮುಗಿಯಿತು. ಸಣ್ಣಸ್ವಾಮಿ ಹಾಡು ಕೇಳುತ್ತಿರಲಿಲ್ಲ, ಕಟಕ್ಕಿಗೆ ಕಾಯುತ್ತಿದ್ದ. ಕಟಕ್ ಬರಲೇ ಇಲ್ಲ. ಕೊನೆಯ ಸ್ವರದ ತನಕ ರೇಡಿಯೋ ಒಮ್ಮೆಯೂ ಕೆಮ್ಮಲಿಲ್ಲ.

ಉತ್ತಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕೆಟ್ಟಿದೆ ಅಂತಿದ್ರಲ್ಲ, ಹೆಂಗಯ್ಯ ಸರಿಮಾಡ್ದೆ?"

"ರೈಟ್ರು ಲೈನ್ ಟೈಟ್ ಮಾಡಿದ್ರು ಸಾವ್ಕಾರ್ರೇ! ಇಪ್ಪತ್ತು ಮನೇನೂ ಒಂದೂ ಬಿಡ್ದೆ!" ಎಂದ ಬೋಜಪ್ಪ. ರುಚಿ ನೋಡಿದ್ದು ಆಗಲೇ ಕೆಲಸ ಮಾಡುತ್ತಿತ್ತು.

"ನೋಡ್ಕಂಡೇ ಬಂದೆ. ಅಂಗಳ ಕನ್ನಡಿ ಥರ ಇದೆ. ಹತ್ತು ವರ್ಷದಿಂದ ಆ ಲೈನ್ ಮುಂದೆ ಬಟ್ಟೆ ನೇತಾಡೋದು ಕಂಡಿದ್ದೆ, ಇವತ್ತು ಒಂದು ಚಿಂದಿ ಇಲ್ಲ. ಕಳುವಾದ ಬಾಳೆಗೊನೇನೂ ಬಂಗಲೆಗೆ ಬಂದು ಬಿದ್ದಿದೆ." ಉತ್ತಯ್ಯನವರು ಎದ್ದು ಅವನ ಬೆನ್ನು ತಟ್ಟಿದರು. "ನಿನ್ನಂಥೋನ್ನ ಆಫೀಸಲ್ಲಿ ಕೂರಿಸಿದ್ರೆ ನನ್ನಂಥ ಪೆದ್ದ ಇಲ್ಲ. ಹೆಡ್ ರೈಟರ್ ಕೆಲ್ಸ ಈ ಬೊಳ್ಳಪ್ಪ ನೋಡ್ಕಳ್ಲಿ. ಮಾತ್ರೆ ಎಣಿಸಿದ ಕೈ, ಆಳು ಎಣಿಸ್ತದೆ. ನಾಳೆಯಿಂದ ನೀನು ಲೈನ್ ರೈಟರ್. ಲೈನ್ ತುದೀಲಿ ಖಾಲಿ ಮನೆ ಇದ್ಯಲ್ಲ, ಅಲ್ಲೇ ಇರು."

"ಸಾವ್ಕಾರ್ರೇ, ಅಲ್ಲಿ ಕರೆಂಟಿಲ್ಲ..."

"ಲೈನಿಗೆ ಯಾತಕ್ಕಯ್ಯ ಕರೆಂಟು? ಈ ಮನೇಗೆ ಬೊಳ್ಳಪ್ಪ ಬರ್ಲಿ. ರೇಡಿಯೋನೂ ಇಲ್ಲೇ ಇರ್ಲಿ, ಪ್ರತಿ ಭಾನುವಾರ ಬಂದು ಕೇಳ್ತೀನಿ."

ಸರೋಜ ಗಂಡನನ್ನು ನೋಡಿದ ನೋಟ ಮಧ್ಯಾಹ್ನ ಸೀರೆ ಹಾಳಾದಾಗ ನೋಡಿದ್ದಕ್ಕಿಂತಲೂ ಭಾರವಾಗಿತ್ತು.

ಉತ್ತಯ್ಯನವರು ಇನ್ನೆರಡು ಹಾಡು ಕೇಳಲು ಕೂತರು. ಬೊಳ್ಳಪ್ಪ ಈಗಾಗಲೇ ರೇಡಿಯೋದ ಪಕ್ಕ ಕುರ್ಚಿ ಎಳೆದುಕೊಂಡಿದ್ದ. ಸಣ್ಣಸ್ವಾಮಿ ಹೊಸ ಮನೆ ನೋಡಲು ಕಾಲೆಳೆದುಕೊಂಡು ಲೈನಿಗೆ ಬಂದ. ಹಿಂದಿನಿಂದ ಅವನದೇ ರೇಡಿಯೋದ ಹಾಡು ತೇಲಿ ಬರುತ್ತಿತ್ತು.

ಚಿನ್ನಿ ಒದ್ದೆ ಕಂಬಳಿ ಹೊತ್ತು ಅಂಗಳದಲ್ಲಿ ನಿಂತಿದ್ದಳು. "ರೈಟ್ರೇ, ಸಾವ್ಕಾರ್ರು ನೋಡಿದ್ದಾಯ್ತಲ್ಲ. ಬಟ್ಟೆ ಮತ್ತೆ ತಂತಿಗೆ ಹಾಕ್ಬೋದಾ?"

"ಯಾವ ತಂತಿ?"

ಅವಳು ತಲೆಯ ಮೇಲೆ ತೋರಿಸಿದಳು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಇಂಜಿನ್ನಿನಿಂದ ಹೊರಟ ಕರೆಂಟಿನ ತಂತಿ ಲೈನ್ ಅಂಗಳದ ಮೇಲೆ ಜೋತುಬಿದ್ದು, ಮುಂದಿನ ಕಂಬದಲ್ಲಿ, ಭಾರ ಬಿದ್ದರೆ ಅಲುಗಾಡುವ ಒಂದು ಸಡಿಲ ಗಂಟು ಹಾಕಿಸಿಕೊಂಡು, ನೇರವಾಗಿ ಅವನ ಮನೆಯ ಕಡೆಗೆ ಹೋಗಿತ್ತು. ಅದರ ಅಡಿಯಲ್ಲೇ ಅವನು ಮಧ್ಯಾಹ್ನವೆಲ್ಲ ಬಗ್ಗಿ ಬಗ್ಗಿ ಓಡಾಡಿದ್ದು.

ಅವನು ಜೇಬಿನಿಂದ ಪುಟ್ಟರಾಜುವಿನ ಚೀಟಿ ತೆಗೆದು ಇನ್ನೊಮ್ಮೆ ಓದಿದ. ತಂತಿ ನೋಡಿದ. ದೂರದಲ್ಲಿ ಬೊಳ್ಳಪ್ಪ ತಾಳ ಹಾಕುತ್ತಿದ್ದುದು ಕೇಳಿಸಿತು. ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

"ಹಾಕವ್ವ," ಎಂದ. "ಇನ್ನೂ ಎರಡು ಕಂಬಳಿ ಇದ್ರೆ ಅದನ್ನೂ ಹಾಕು."