ವಕೀಲ ಬರುವತನಕ

ವಕೀಲ ಬರುವತನಕ ಠಾಣೆಯಲ್ಲಿ ಬಾಯಿ ಬಿಡಬಾರದು. ಚಿಕ್ಕೋಡಿ ಕೋರ್ಟಿನಲ್ಲಿ ಕರಿಕೋಟು ತೊಟ್ಟ ದಿನದಿಂದ ಕಕ್ಷಿದಾರರಿಗೆ ನಾನು ಹೇಳುತ್ತ ಬಂದದ್ದು ಇದೊಂದೇ ಮಾತು. ಎಲ್ಲರೂ 'ಹೌದ್ರಿ ಸಾಹೇಬ್ರ' ಅನ್ನುತ್ತಾರೆ. ಆಮೇಲೆ ಹೋಗಿ ಎಲ್ಲವನ್ನೂ ಹೇಳಿ ಬರುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ತಿಳಿದಿದೆ: ಕೇಳಿದವರಿಗೆ ಉತ್ತರ ಕೊಡದವನನ್ನು ನಮ್ಮ ಕಡೆ ಸೊಕ್ಕಿನವ ಅನ್ನುತ್ತಾರೆ. ಕಳ್ಳ ಅನ್ನಿಸಿಕೊಳ್ಳಲು ಜನ ತಯಾರಿದ್ದಾರೆ, ಸೊಕ್ಕಿನವ ಅನ್ನಿಸಿಕೊಳ್ಳಲು ಒಲ್ಲರು.

೧. ಬೋಲ್ಟು

ಜುಗೂಳದ ಹೊಳೆದಂಡೆಯಲ್ಲಿ ಕಳುವಾದ ನೀರೆತ್ತುವ ಮೋಟರು ಕಬ್ಬಿನೊಳಗೆ ಸಿಕ್ಕಿತ್ತು. ಕದ್ದವನು ಸಿಕ್ಕಿರಲಿಲ್ಲ. ಸಂಶಯದ ಮೇಲೆ ಒಬ್ಬ ಫಿಟ್ಟರನನ್ನು ಕರೆಸಿ ಕೂಡಿಸಿದ್ದರು. ಎರಡು ತಾಸು ಅವನು ತುಟಿ ಬಿಚ್ಚಲಿಲ್ಲ. ಅಷ್ಟರಲ್ಲಿ ಹವಾಲ್ದಾರ ಮೋಟರು ತಿರುಗಿಸಿ ನೋಡಿ, ಯಾವ ದಡ್ಡ ಬಿಚ್ಚಿದ್ದಾನೋ, ಬೋಲ್ಟೆಲ್ಲ ಕಳೆದಿದ್ದಾನೆ ಎಂದ. ಫಿಟ್ಟರನಿಗೆ ತಡೆಯಲಾಗಲಿಲ್ಲ.

"ಕಳದಿಲ್ರಿ. ಎಣ್ಣಿ ಹಚ್ಚಿ, ಅರಿವ್ಯಾಗ ಕಟ್ಟಿ, ನಮ್ಮ ಹಿತ್ತಲದಾಗ ಇಟ್ಟೀನಿ."

ಪಂಚರ ಮುಂದೆ ಗಂಟು ಬಿಚ್ಚಿದರು. ಒಂದು ಬೋಲ್ಟೂ ಕಡಿಮೆ ಇರಲಿಲ್ಲ.

೨. ಕಾಕಾ

ರಾಯಬಾಗದ ಬೈಕ್ ಕಳುವಿನ ಕೇಸಿಗೆ ಇದ್ದವನೊಬ್ಬನೇ ಸಾಕ್ಷಿ, ಕಣ್ಣು ಮಂಜಾದ ಮುದುಕ. ಕದ್ದವನನ್ನು ತೋರಿಸಿ ಎಂದರೆ ಮೊದಲು ಬೆಂಚ್ ಕ್ಲರ್ಕಿನ ಕಡೆ ಬೆರಳು ಮಾಡಿದ, ಆಮೇಲೆ ನನ್ನ ಕಡೆ. ಕೇಸು ಗೆದ್ದೆ ಅಂದುಕೊಂಡೆ. ಹಿಂದಿನಿಂದ ನನ್ನ ಕಕ್ಷಿದಾರನ ದನಿ ಬಂತು:

"ಕಾಕಾ, ಈ ಕಡೆ ನೋಡ್ರಿ. ನಾ ಇಲ್ಲಿ ಅದೀನಿ."

ಯಾಕೆ ಹೀಗೆ ಮಾಡಿದೆ ಎಂದು ಹೊರಗೆ ಬಂದು ಗದರಿದೆ. "ವಯಸ್ಸಾದವ್ರು, ಪಾಪ, ಎಷ್ಟೊತ್ತು ಹುಡುಕತಾರ್ರಿ" ಅಂದ.

೩. ಶಿರಗುಪ್ಪಿಯ ಆಯಿ

ಒಬ್ಬ ರೈತನ ಡ್ರಿಪ್ ಪೈಪುಗಳನ್ನು ಯಾರೋ ಕುಡುಗೋಲಿನಿಂದ ಕಡಿದಿದ್ದರು. ಅವನು ಪಕ್ಕದ ಹೊಲದ ಮುದುಕಿಯ ಹೆಸರು ಕೊಟ್ಟ; ಊರಿಗೆಲ್ಲ ಅವಳು ಆಯಿ. ಆಯಿಗೆ ಇದ್ದದ್ದು ಒಂದೇ ಎಮ್ಮೆ. ಬೇರೆ ಯಾರು ಹಿಂಡಲು ಹೋದರೂ ಅದು ಒದೆಯುತ್ತಿತ್ತು. ಆಯಿ ಜೈಲಿಗೆ ಹೋದರೆ ಎಮ್ಮೆಯ ಕಥೆ ಮುಗಿದಂತೆ. ಇದು ಠಾಣೆಯ ಫೌಜದಾರರಿಗೂ ಗೊತ್ತಿತ್ತು. ನಾನು ಠಾಣೆ ಮುಟ್ಟುವಷ್ಟರಲ್ಲಿ ಹಾಲು ಹಿಂಡುವ ಹೊತ್ತಾಗಿತ್ತು. ಫೌಜದಾರರು ಅವಳಿಗೆ ಹೇಳುತ್ತಿದ್ದರು:

"ಆಯಿ, ಖರೇ ಹೇಳಿಬಿಡು, ಈಗ ಮನಿಗೆ ಕಳಸ್ತೀನಿ. ಅಲ್ಲಿ ಎಮ್ಮಿ ಒದರಾಕತ್ತೈತಿ."

ಆಯಿಯ ಕಣ್ಣು ತುಂಬಿದವು. ಇವಳೂ ಹೋದಳು ಅಂದುಕೊಂಡೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಂದು ಊಟಾ ಆತೇನೋ ಯಪ್ಪಾ?" ಅಂದಳು. ಮುಂದಿನ ಪ್ರಶ್ನೆಗೆ, ಮಕ್ಕಳೆಷ್ಟು ಅಂತ ವಿಚಾರಿಸಿದಳು. ಅದರ ಮುಂದಿನದಕ್ಕೆ, ಮುಖ ಯಾಕೆ ಬಾಡಿದೆ ಅಂತ. ಅರ್ಧ ತಾಸಿನಲ್ಲಿ ಫೌಜದಾರರೇ ತಮ್ಮ ಬಿಪಿ, ಗುಳಿಗೆ, ಮನೆಯ ತಾಪತ್ರಯ ಎಲ್ಲವನ್ನೂ ಒಪ್ಪಿಸಿ, ಆಯಿಯನ್ನು ಮನೆಗೆ ಕಳಿಸಿದರು.

ಸಾಕ್ಷಿಯಿಲ್ಲದೆ ಕೇಸು ಬಿದ್ದುಹೋಯಿತು. ತೀರ್ಪಿನ ದಿನ ಬಸ್ ಸ್ಟ್ಯಾಂಡಿನವರೆಗೆ ನಾನೇ ಕಳಿಸಲು ಹೋದೆ. ವಕೀಲನಾದವನು ಕೇಳಬಾರದ್ದನ್ನು, ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ.

"ಆಯಿ, ಎಲ್ಲಾ ಮುಗೀತು. ನನ್ನ ಮುಂದರ ಹೇಳು. ಪೈಪ್ ಕಡದಾವ್ರು ಯಾರು?"

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿ, ಅಡಕಿ ಇಟ್ಟು ಮಡಚಿ ತನ್ನ ಬಾಯಿ ತುಂಬಿಕೊಂಡಳು. ಇನ್ನೊಂದನ್ನು ಮಡಚಿ ನನ್ನ ಬಾಯಿಗೆ ತುರುಕಿ, ಊರಿನ ಕಡೆ ಹೋಗುವ ಕಾಗವಾಡದ ಬಸ್ಸು ಹತ್ತಿದಳು.