ಆಫ್ಟರ್‌ಕೂಲರಿಗೆ ದೃಷ್ಟಿ ತೆಗೆದ ಕಥೆ

ದೊಡ್ಡವರ ಗಾಡಿ ಓಡಿಸುವವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಗಾಡಿ ಛಲೋ ಓಡಿದರೆ ಕಂಪನಿಯವರು ಛಲೋ ಮಾಡಿದ್ದಾರೆ, ಕೆಟ್ಟು ನಿಂತರೆ ಡ್ರೈವರ್ ಕೆಡಿಸಿದ್ದಾನೆ. ಈ ನ್ಯಾಯ ನಮ್ಮ ಕಡೆ ಎಲ್ಲ ತಾಲ್ಲೂಕಿಗೂ ಒಂದೇ.

ನಾನು ಕುಷ್ಟಗಿಯ ಒಬ್ಬ ಸಾವ್ಕಾರರ ಹತ್ತಿರ ಡ್ರೈವರ್ ಆಗಿದ್ದೆ. ಅವರದು ಗ್ರಾನೈಟ್ ಕಲ್ಲಿನ ವ್ಯಾಪಾರ. ಹೈದರಾಬಾದಿನಿಂದ ಒಂದು ಹಳೆಯ ವಿದೇಶಿ ಕಾರು ತಂದಿದ್ದರು. ಅದರಲ್ಲಿ ಸೂಪರ್‌ಚಾರ್ಜರ್ ಎಂಬುದೊಂದಿತ್ತು. ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುವ ಯಂತ್ರ, ಬೀಗರಿಗೆ ಬೇಡ ಬೇಡವೆಂದರೂ ಹೋಳಿಗೆ ಬಡಿಸಿದ ಹಾಗೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣ್ಣಗೆ ಮಾಡಲು ಆಫ್ಟರ್‌ಕೂಲರ್. ಅದಕ್ಕೆ ಬೇರೆ ನೀರು, ಬೇರೆ ಪಂಪು, ಗಾಡಿಯ ಮೂತಿಯಲ್ಲಿ ಬೇರೆಯೇ ಒಂದು ಸಣ್ಣ ರೇಡಿಯೇಟರು. ಸಾವ್ಕಾರರು ಯಾವುದೋ ಸಂಘಕ್ಕೆ ತಾಲ್ಲೂಕು ಅಧ್ಯಕ್ಷರಾದರು. ಆ ಸಂಘ ಏನು ಮಾಡುತ್ತದೆಂದು ಸಂಘದವರಿಗೂ ಗೊತ್ತಿರಲಿಲ್ಲ. ಆದರೆ ಬೋರ್ಡು ಮಾತ್ರ ದೊಡ್ಡದಿತ್ತು. ಅದನ್ನು ಕಾರಿನ ಮುಂದೆ ಕೂಡಿಸಿದ ವಾರದಿಂದಲೇ ಆಫ್ಟರ್‌ಕೂಲರ್ ಕಾಯತೊಡಗಿತು. ಕಾದರೆ ಗಾಡಿ ಎಷ್ಟು ತುಳಿದರೂ ಎಮ್ಮೆಯ ನಡಿಗೆ ನಡೆಯುತ್ತಿತ್ತು. ಬೋರ್ಡಿಗೂ ಬಿಸಿಗೂ ಸಂಬಂಧವಿರಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ.

"ಯುಗಾದಿ ಒಳಗ ಇದು ಸರಿ ಆಗಲಿಲ್ಲಂದ್ರ ಕೀಲಿ ಇಟ್ಟು ಮನಿ ಕಡೆ ನಡಿ," ಎಂದರು ಸಾವ್ಕಾರರು.

ಐವತ್ತರ ಹತ್ತಿರ ಬಂದವನಿಗೆ ಹೊಸ ಸಾವ್ಕಾರ ಎಲ್ಲಿ ಸಿಗಬೇಕು? ಕಾರಿನ ಬಿಸಿ ಸೀದಾ ನನ್ನ ಹೊಟ್ಟೆಗೆ ತಟ್ಟಿತು.

೧. ತಾವರಗೇರಾ ದಾರಿ

ಒಂದು ಮಧ್ಯಾಹ್ನ ತಾವರಗೇರಾ ಕಡೆ ಹೊರಟಿದ್ದೆವು. ಏರು ಬಂತು, ಸ್ಟೇರಿಂಗ್ ಮುಂದಿನ ಕೆಂಪು ದೀಪ ಹತ್ತಿತು, ಗಾಡಿ ಕುಂಟಿತು. ಬದಿಗೆ ಹಾಕಿ ಬಾನೆಟ್ ಎತ್ತಿದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಟ್ರ್ಯಾಕ್ಟರ್ ಬಂತು. ಅದರವನ ಕಣ್ಣಿಗೆ ಬೀಳಬಾರದೆಂದು ಸಾವ್ಕಾರರು ಸೀಟಿನಲ್ಲಿ ಅಡ್ಡಾದರು. ಅವನು ಇಳಿದು ಬಂದು ಕಿಟಕಿಯಲ್ಲೇ ಇಣುಕಿದ.

"ಸಾವ್ಕಾರ್ರ, ಹಗ್ಗ ಐತ್ರಿ. ಜಗ್ಗಲೇನ್ರಿ?"

ಸಾವ್ಕಾರರು ಎದ್ದು ಅಂಗಿ ಸರಿಮಾಡಿಕೊಂಡರು. "ಗಾಡಿಗೇನೂ ಆಗಿಲ್ಲೋ. ಈ ಹೊಲ ಛಲೋ ಕಾಣಿಸ್ತು, ನೋಡೂಣಂತ ನಿಂತೇವಿ."

ಅವನು ಹೊಲ ನೋಡಿದ, ಎತ್ತಿದ ಬಾನೆಟ್ ನೋಡಿದ, ಸಾವ್ಕಾರರ ಕೆದರಿದ ಕೂದಲು ನೋಡಿದ.

"ಅದು ನಂದರಿ. ಮಾರೂದಿಲ್ರಿ," ಎಂದು ಟ್ರ್ಯಾಕ್ಟರ್ ಹತ್ತಿಬಿಟ್ಟ. ಹಗ್ಗವೂ ಅವನ ಸಂಗಡವೇ ಹೋಯಿತು. ನಾವು ಸಂಜೆಯ ತನಕ ಹೊಲ ನೋಡಿದೆವು.

೨. ಕೊಪ್ಪಳದ ಮಷೀನು

ಕೊಪ್ಪಳದಲ್ಲಿ ಒಂದು ದೊಡ್ಡ ಗ್ಯಾರೇಜು. ಅಲ್ಲಿ ಕಾರಿಗಿಂತ ಕಾರಿನ ಮಾಲಕರಿಗೆ ಜಾಸ್ತಿ ತಂಪು. ಅವರನ್ನು ಗಾಜಿನ ಕೋಣೆಯಲ್ಲಿ ಕೂಡಿಸುತ್ತಾರೆ. ಡ್ರೈವರಿಗೆ ಹೊರಗೆ ಟಾಯರಿನ ಮೇಲೆ ಜಾಗ. ಒಳಗಿಂದ ಒಬ್ಬ ಇಂಜಿನಿಯರ್ ಬಂದು ಪಂಪು ಮುಟ್ಟಿ ನೋಡಿದ, ತಿರುಗುತ್ತಿತ್ತು. ಫ್ಯೂಸು ನೋಡಿದ, ಸರಿಯಿತ್ತು. ಹಳೆಯ ನೀರು ತೆಗೆದು ಹೊಸದು ತುಂಬಿ, ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಬಿಟ್ಟ. ಇರಕಲ್ಲಗಡ ದಾಟುವಷ್ಟರಲ್ಲಿ ಮತ್ತೆ ಕೆಂಪು ದೀಪ.

ಮರುದಿನ ಮತ್ತೆ ಹೋದೆವು. ಈ ಸಲ ಇಂಜಿನಿಯರ್ ಒಂದು ಮಷೀನು ತಂದು ಕಾರಿಗೆ ವಾಯರ್ ಚುಚ್ಚಿದ. ಬಹಳ ಹೊತ್ತು ಪರದೆ ನೋಡಿ, ಡಾಕ್ಟರ್ ಹೇಳುವ ಹಾಗೆ ದನಿ ತಗ್ಗಿಸಿ ಹೇಳಿದ.

"ಆಫ್ಟರ್‌ಕೂಲರ್ ಕಾದೈತ್ರಿ."

"ಅದು ನಮಗೂ ಗೊತ್ತೈತಲ್ಲಪಾ!" ಎಂದರು ಸಾವ್ಕಾರರು.

"ನಿಮಗ ಗೊತ್ತಿತ್ರಿ, ಮಷೀನಿಗೆ ಗೊತ್ತಿರಲಿಲ್ಲ. ಈಗ ಅದಕ್ಕೂ ಗೊತ್ತಾತು," ಎಂದು ಬಿಲ್ಲು ಹರಿದು ಕೊಟ್ಟ.

೩. ಮಂಗಳೂರಿನ ಮಾವನವರು

ಇದು ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಸಾವ್ಕಾರರ ಮಾವನವರ ಊರು. ಮಾವನವರು ಎಂದೂ ಸ್ಟೇರಿಂಗ್ ಹಿಡಿದವರಲ್ಲ, ಆದ್ದರಿಂದ ಅನುಮಾನ ಎಂಬುದೇ ಅವರಿಗಿರಲಿಲ್ಲ.

"ಇದು ದೃಷ್ಟಿ," ಎಂದರು. ಕುಂಬಳಕಾಯಿ ಒಡೆಸಿದರು. ಲಿಂಬೆಹಣ್ಣು, ಮೆಣಸಿನಕಾಯಿ, ಒಂದು ತೆಂಗಿನಕಾಯಿ, ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಅಧ್ಯಕ್ಷರ ಬೋರ್ಡಿಗೆ ಜೋತು ಬಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಳಿಯಾರ, ಈ ಡ್ರೈವರನ ಮಾರಿ ನೋಡ್ರಿ. ಸತ್ತವರ ಮನಿಯಾಗಿಂದ ಬಂದಾಂಗ ಐತಿ. ಇಂಥಾ ಮಾರಿ ಮುಂದ ಕುಂತ್ರ ಯಾವ ಇಂಜಿನ್ ತಣ್ಣಗಿರತೈತಿ?"

ಕೆಲಸ ಹೋಗುವ ಚಿಂತೆಯಲ್ಲಿದ್ದವನ ಮುಖ ಅರಳಿರುತ್ತದೆಯೇ? ನನ್ನನ್ನೂ ಅಂಗಳದಲ್ಲಿ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಊರು ದಾಟುವ ಮೊದಲೇ ದೀಪ ಹತ್ತಿತು. ಸಾವ್ಕಾರರು ಮಾವನವರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಬಂದ ಪ್ರಶ್ನೆ ನನಗೂ ಕೇಳಿಸಿತು.

"ಆ ಮಾರಿ ಇನ್ನೂ ಗಾಡಿಯಾಗ ಐತೇನು?"

೪. ಗಂಗಾವತಿಯ ಮೇಸ್ತ್ರಿ

ಗಂಗಾವತಿಯಲ್ಲಿ ಭತ್ತ ಕೊಯ್ಯುವ ಮಷೀನುಗಳ ರೇಡಿಯೇಟರ್ ರಿಪೇರಿ ಮಾಡುವ ಮೇಸ್ತ್ರಿ ಒಬ್ಬ ಇದ್ದ. ಕೆಲಸಕ್ಕಿಂತ ಗರ್ವಕ್ಕೇ ಅವನ ಹೆಸರು ಜಾಸ್ತಿ. ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ, ಚಹಾ ಕುಡಿದು, ಇನ್ನೊಂದು ಚಹಾ ಕುಡಿದು, ಆಮೇಲೆ ಬಂದ. ಬಗ್ಗಿ ಕಾರಿನ ಮೂತಿ ನೋಡಿದವನೇ ನಟ್ಟು ಬಿಚ್ಚುವ ಪಾನಾದಿಂದ ಬೋರ್ಡಿಗೆ ಟಣ್ ಎಂದು ಬಡಿದ.

"ಸಣ್ಣ ರೇಡಿಯೇಟರ್ ಇದರ ಹಿಂದ ಐತಿ. ಗಾಳಿ ಹೋಗೂದು ಇಲ್ಲಿಂದ. ಯಾವ ತಲಿಕೆಟ್ಟವ ಇಲ್ಲೇ ಈ ತಗಡು ಬಡದಾನ?"

ಬಡಿದ ಕೈ ನನ್ನದು, ಇಲ್ಲೇ ಬಡಿ ಎಂದ ಬಾಯಿ ಸಾವ್ಕಾರರದು. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು, ಕಡೆಗೆ ನನ್ನನ್ನು ತೋರಿಸಿದರು. "ಇವನ, ನಮ್ಮ ಡ್ರೈವರ."

ಮೇಸ್ತ್ರಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಇಂಥವಗ ಪಗಾರ ಕೊಟ್ಟು ಇಟ್ಕೊಂಡಾನಲ್ಲ, ಅವ ನಿನಗಿಂತ ತಲಿಕೆಟ್ಟವ ಇರಬೇಕು."

ಆ ಮೇಸ್ತ್ರಿಯ ಗರ್ವವನ್ನು ನಾನು ಅಂದೇ ಕ್ಷಮಿಸಿದೆ.

೫. ಬೋರ್ಡಿಲ್ಲದ ಗಾಡಿ

ಬೋರ್ಡು ಬಿಚ್ಚಿ ಹಿಂದಿನ ಸೀಟಿನಲ್ಲಿ ಸಾವ್ಕಾರರ ಪಕ್ಕಕ್ಕೆ ಇಟ್ಟೆ. ಗಂಗಾವತಿಯಿಂದ ಕೊಪ್ಪಳದವರೆಗೆ ಒಂದು ಸಲವೂ ದೀಪ ಹತ್ತಲಿಲ್ಲ. ಗಾಡಿ ಹಾರಿಕೊಂಡು ಬಂತು. ಕೆಲಸ ಉಳಿಯಿತೆಂದು ನನಗೆ ಆದ ಸಂತೋಷ ಹೇಳತೀರದು. ಕೊಪ್ಪಳದ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಕಾವಲುಗಾರ ಓಡಿ ಬಂದ.

"ತಗೀರಿ, ತಗೀರಿ. ಇದು ಅಧ್ಯಕ್ಷರ ಗಾಡಿ ನಿಲ್ಲೋ ಜಾಗಾ ಐತಿ."

"ನಾನ ಅಧ್ಯಕ್ಷ ಅದೀನಲ್ಲೋ!"

"ಬೋರ್ಡ್ ಎಲ್ಲೈತ್ರಿ?"

ಸಾವ್ಕಾರರು ಇಳಿದು, ಬೋರ್ಡನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ನಿಂತರು. ಕಾವಲುಗಾರ ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಬರೋಬ್ಬರಿ ಐತ್ರಿ. ಆದ್ರ ಬೋರ್ಡ್ ನಿಮ್ಮ ಮ್ಯಾಲೈತಿ, ಗಾಡಿ ಮ್ಯಾಲಿಲ್ಲ. ನೀವು ಇಲ್ಲೇ ನಿಲ್ರಿ, ಗಾಡಿ ಹೊರಗ ಹೋಗ್ಲಿ."

ಚಹಾ ಬರುವುದರೊಳಗೆ ಬೋರ್ಡು ಮೊದಲಿನ ಜಾಗ ಸೇರಿತ್ತು. "ಹಿಂದಗಡೆ ಹಾಕ್ತೇನ್ರಿ, ನಿಮ್ಮ ಕಾಲು ಬೀಳ್ತೇನಿ," ಎಂದು ಬೇಡಿಕೊಂಡೆ.

"ಹಿಂದ ಬರೋರು ಹೆಂಗೂ ನಮ್ಮ ಹಿಂದನ ಅದಾರ," ಎಂದರು ಸಾವ್ಕಾರರು. "ಎದುರ ಬರೋರಿಗೆ ಗೊತ್ತಾಗಬೇಕಲೇ."

೬. ಹೊಸ ಡ್ರೈವರ್

ಬೋರ್ಡಿನ ಸಂಗಡ ಕೆಂಪು ದೀಪವೂ ಮರಳಿ ಬಂತು. ಯುಗಾದಿಗೆ ಮೊದಲೇ ಸಾವ್ಕಾರರು ಕಾರು ಮಾರಿದರು. "ಕಾರು ಮತ್ತೊಂದು ಸಿಗತೈತಿ, ಅಧ್ಯಕ್ಷಗಿರಿ ಸಿಗತೈತೇನು?" ಎಂದರು. ಬೋರ್ಡು ಮನೆಯ ಹಳೆಯ ಜೀಪಿಗೆ ಬಂತು.

"ಜೀಪಿಗಾದ್ರೂ ನಾನ ಇರತೇನ್ರಿ," ಎಂದೆ.

"ಬ್ಯಾಡ. ಬೋರ್ಡ್ ನೋಡಿ ಮಂದಿ ಕೈ ಮುಗೀತಾರ, ಮುಂದ ಕುಂತವ ನೀನು. ಇಷ್ಟು ದಿನ ನನ್ನ ನಮಸ್ಕಾರ ಎಲ್ಲಾ ನೀನ ತಿಂದಿ. ಇನ್ನ ನಾನ ಓಡಸ್ತೇನಿ."

ಲಂಚ ತಿಂದು ಕೆಲಸ ಕಳೆದುಕೊಂಡವರು ಬೇಕಾದಷ್ಟಿದ್ದಾರೆ, ನಮಸ್ಕಾರ ತಿಂದವನೆಂದು ಕೆಲಸ ಕಳೆದುಕೊಂಡವನು ನಾನೊಬ್ಬನೇ ಇರಬೇಕು. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು ನಂಬಲೇ ಇಲ್ಲ. ಅವತ್ತಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಂದಿನಿಂದ ಕರೆದವರ ಗಾಡಿ ಓಡಿಸುತ್ತಿದ್ದೇನೆ. ಮೊನ್ನೆ ಯಲಬುರ್ಗಾದ ಒಂದು ಮದುವೆಗೆ ಟೆಂಪೋದಲ್ಲಿ ಮಂದಿ ಕರೆದುಕೊಂಡು ಹೋಗಿದ್ದೆ. ಕಲ್ಯಾಣ ಮಂಟಪದ ಮುಂದೆ ನಮ್ಮ ಹಳೆಯ ಜೀಪು ಬಂದು ನಿಂತಿತು. ಬೋರ್ಡು ನೋಡಿ ಹೆಣ್ಣಿನ ಕಡೆಯವರು ಹಾರ ಹಿಡಿದು ಓಡಿ ಬಂದು ಎಡಗಡೆಯ ಬಾಗಿಲು ತೆಗೆದರು. ಸೀಟು ಖಾಲಿ. ಹಿಂದೆ ನೋಡಿದರು, ಅಲ್ಲೂ ಯಾರೂ ಇಲ್ಲ. ಸ್ಟೇರಿಂಗ್ ಹಿಡಿದು, ಬಿಸಿಲಿಗೆ ಬೆವರು ಸುರಿಸುತ್ತ ಕೂತಿದ್ದವರು ಸಾವ್ಕಾರರೊಬ್ಬರೇ.

"ಅಧ್ಯಕ್ಷರನ್ನ ಎಲ್ಲಿ ಬಿಟ್ಟು ಬಂದಿ?" ಎಂದು ಹಾರ ಹಿಡಿದವರು ಕೇಳಿದರು.

"ನಾನ ಅಧ್ಯಕ್ಷ!"

"ಹೌದಪಾ ಹೌದು. ಡ್ರೈವರುಗಳ ಊಟ ಹಿತ್ತಲದಾಗ ಐತಿ, ಆ ಕಡೆ ನಡಿ."

ಸಾವ್ಕಾರರ ಮುಖ ಕೆಂಪಗಾಯಿತು. ಸುತ್ತ ನೋಡಿದರು. ಟೆಂಪೋದ ಹತ್ತಿರ ನಾನು ಕಂಡೆ. ಮುಳುಗುವವರಿಗೆ ದಂಡೆ ಕಂಡ ಹಾಗಾಯಿತು.

"ಏ ತಮ್ಮಾ, ಬಾರೋ ಇಲ್ಲೆ! ನಾ ಯಾರಂತ ಇವರಿಗೆ ಹೇಳೋ!"

ಹಾರ ಹಿಡಿದವರೆಲ್ಲ ನನ್ನ ಕಡೆ ತಿರುಗಿದರು. ನಾನು ಹತ್ತಿರ ಹೋದೆ, ಕೈ ಮುಗಿದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನನ್ನ ತಗದ ಮ್ಯಾಲೆ ಈ ಜೀಪು ಓಡಸೋರು ಇವರ ರೀ. ಹೊಸಬರು, ಊಟದ ಜಾಗಾ ಗೊತ್ತಿಲ್ಲ. ನಾ ಕರ್ಕೊಂಡು ಹೋಗ್ತೇನಿ ಬಿಡ್ರಿ."